ಇಲ್ಲಿ ಉಪ್ಪೆಷ್ಟು?

ಬೈತಖೋಲ ಬಂದರಿನಿಂದ ಶೇವಂತಿ ತಾಂಡೇಲ
ಐಸಿನ ಡಬ್ಬಿ ಹೊತ್ತು ಕೋಡಿಬಾಗದ ನಮ್ಮ ಲ್ಯಾಬಿಗೆ ಬಂದಳು.
ಬೇಡವೆಂದರೂ ಚಪ್ಪಲಿ ಹೊರಗೇ ಬಿಟ್ಟಳು.
ಬಸುರಿ ಮೋರಿ ಮೀನಿನ ಹೊಟ್ಟೆ ಸೀಳಿದರೆ ಒಂಬತ್ತು ಮರಿ;
ಎಂಟು ಮಾಮೂಲಿ.
ಇನ್ನೊಂದನ್ನು ಮಾರಲಿಕ್ಕೂ ಆಗದೆ, ಎಸೆಯಲಿಕ್ಕೂ ಆಗದೆ
ಬಾಳೆಲೆಯಲ್ಲಿ ಸುತ್ತಿ ತಂದಿದ್ದಳು.

ಬಿಚ್ಚಿದೆ.
ಗೇಣುದ್ದದ ಬೂದು ಮೈ. ಮೂತಿಯ ನಡುಮಧ್ಯ
ಒಂದೇ ಕಣ್ಣು,
ಏನೋ ಕೇಳಲು ಬಂದು ಮರೆತವರ ಹಾಗೆ.

"ಇದು ಯಾಕೆ ಹೀಗೆ?"
ಹದಿನೇಳು ವರ್ಷ ಇದನ್ನೇ ಕಲಿಸಿದ್ದೇನೆ,
ಹಲಗೆಯ ಮೇಲೆ ಬಾಣ ಬರೆದು, ಬಾಣಕ್ಕೆ ಬಾಣ ಕೂಡಿಸಿ.
ಅವಳೆದುರು ಬಾಣಗಳೆಲ್ಲ ಮೊಂಡಾದವು.

ಕಿಟಕಿಯಾಚೆ ಕಾಳಿ ನದಿ ಇಳಿತದಲ್ಲಿತ್ತು.
ನೀನು ಚಿಪ್ಪಿ ಹೆಕ್ಕಿದವಳಲ್ಲವೆ, ಎಂದೆ.
ಕಣ್ಣು ಕಟ್ಟಿ ಈ ಹೊಳೆಯಲ್ಲಿ ಬಿಟ್ಟರೆ
ಎಲ್ಲಿದ್ದೀಯೆಂದು ಹೇಗೆ ಹೇಳುತ್ತೀ?
"ನೀರು ನಾಲಗೆಗೆ ಇಟ್ಟರಾಯಿತು.
ಬಾಯಿ ಕಟುವಾದರೆ ಅಳಿವೆ.
ಗಂಜಿಗೆ ಹಾಕುವಷ್ಟಾದರೆ ಕಿನ್ನರದ ಆಸುಪಾಸು.
ಸಪ್ಪೆಯಾದರೆ ಕದ್ರಾ ಕಡೆ, ಅಲ್ಲಿ ನನಗೇನು ಕೆಲಸ?"

ಅಷ್ಟೇ, ಎಂದೆ. ಜೀವಕೋಶಕ್ಕೂ ಅಷ್ಟೇ ಗೊತ್ತು.
ಭ್ರೂಣ ಎಳ್ಳುಕಾಳಿನಷ್ಟಿರುವಾಗ
ಮಿದುಳಾಗಬೇಕಾದದ್ದು ಬರೀ ಒಂದು ಹಾಳೆ,
ಅಂಚು ಮಡಚಿ ಕೊಳವೆಯಾಗುತ್ತಿರುತ್ತದೆ.
ಆಗ ಅದರ ಅಡಿಯಿಂದ ಉಪ್ಪು ಒಸರುತ್ತದೆ.
(ಉಪ್ಪಲ್ಲ, ಪ್ರೋಟೀನು. ಇರಲಿ.)
ಬುಡದಲ್ಲಿ ಗಾಢ, ಮೇಲೇರಿದಂತೆ ತೆಳು.
ಒಂದೊಂದು ಕೋಶವೂ ತನ್ನಲ್ಲಿಗೆ ಬಂದಷ್ಟನ್ನು ರುಚಿ ನೋಡಿ,
ಇಷ್ಟಿದ್ದರೆ ನಾನು ಕಾಲು ಎತ್ತಿಸುವ ನರ,
ಇದಕ್ಕೂ ಕಡಿಮೆಯಾದರೆ ಮತ್ತೇನೋ
ಎಂದು ತನ್ನಷ್ಟಕ್ಕೆ ತೀರ್ಮಾನಿಸುತ್ತದೆ.
ನಕಾಶೆ ಯಾರ ಕೈಯಲ್ಲೂ ಇಲ್ಲ.

ತಲೆಯ ತುದಿಯಲ್ಲಿ ಕಣ್ಣಿಗೆಂದು ಇರುವುದು ಒಂದೇ ಗದ್ದೆ.
ಉಪ್ಪು ಬಂದು ನಡುವೆ ಬದು ಹಾಕುತ್ತದೆ:
ನೀನು ಎಡ, ನೀನು ಬಲ.
ಮಿದುಳೂ ಹಾಗೇ ಎರಡು ಹೋಳು.
ಬರದಿದ್ದರೆ
ಒಡೆಯುವುದಿಲ್ಲ.

"ಅದಕ್ಕೆ ಹೆಸರುಂಟೋ?"
ಅದನ್ನು ಕಳಿಸುವ ಜೀನಿನ ಹೆಸರು ಮುಳ್ಳುಹಂದಿ.
ಅದು ಕೆಟ್ಟಾಗ ನೊಣದ ಹುಳಕ್ಕೆ ಮೈತುಂಬ ಮುಳ್ಳೆದ್ದಿತ್ತು,
ನೋಡಿದವರು ಇಟ್ಟರು.
ಅವಳು ನಕ್ಕೇಬಿಟ್ಟಳು.
"ಅಂಕೋಲೆಯಲ್ಲಿ ನಾದಿನಿಯ ಗೆಣಸಿನ ಹಕ್ಕಲ
ಒಂದೇ ರಾತ್ರಿಗೆ ಬಗೆದು ಹೋಗಿತ್ತು ಅದು.
ಮಕ್ಕಳ ತಲೆ ಕಟ್ಟುವುದು ಗೊತ್ತಿರಲಿಲ್ಲ."

ನಗು ಅಲ್ಲೇ ನಿಂತಿತು.
ಐಸು ಕರಗಿ ಮೇಜಿನಂಚಿನಿಂದ ತೊಟ್ಟಿಕ್ಕುತ್ತಿತ್ತು.
"ನನ್ನದೂ ಹೀಗೇ ಇತ್ತು.
ಮೊದಲನೆಯದು. ಗಂಡು.
ಸೂಲಗಿತ್ತಿ ಮುಖಕ್ಕೆ ಬಟ್ಟೆ ಮುಚ್ಚಿದ್ದಳು, ನಾನು ಎತ್ತಿ ನೋಡಿದೆ.
ಅರ್ಧ ತಾಸು ಉಸಿರಾಡಿತು.
ಗ್ರಹಣದ ದಿನ ಇಸ್ವಾಣ ಕೊಯ್ದೆಯಲ್ಲ ಎಂದಳು ಅತ್ತೆ.
ಇಪ್ಪತ್ತಾರು ವರ್ಷ ಎಂದಳು,
ಸತ್ತ ಮೇಲೂ ಎನ್ನುತ್ತಿದ್ದಾಳೆ."

ಗ್ರಹಣ ನಿನಗೆ ಎಷ್ಟರಲ್ಲಿ?
"ಐದರಲ್ಲಿ."
ಮೂರನೆಯ ವಾರ, ನಾಲ್ಕನೆಯ ವಾರ, ಎಂದೆ,
ಮುಟ್ಟು ತಪ್ಪಿದ್ದು ನಿನಗೆ ಖಾತ್ರಿಯಾಗುವ ಮೊದಲೇ
ಆಗಬೇಕಾದದ್ದು ಆಗದೆ ಮುಗಿದಿತ್ತು.
ನೀನು ಕತ್ತಿ ಎತ್ತುವಾಗ
ಅದು ತಿಂಗಳುಗಟ್ಟಲೆ ಹಳೆಯ ಮಾತು.

"ಹಾಗಾದರೆ ಯಾಕೆ?"
ಒಂದು ಅಕ್ಷರ ತಪ್ಪಿರಬಹುದು. ತಪ್ಪದೆಯೂ ಇರಬಹುದು.
ಗೊತ್ತಿಲ್ಲ ಶೇವಂತಿ.
ಈ ಕೋಣೆಯ ಪುಸ್ತಕಗಳಿಗೂ ಗೊತ್ತಿಲ್ಲ.

ಫಾರ್ಮಲಿನ್ ಬಾಟಲಿ ತೆಗೆದಿಟ್ಟಿದ್ದೆ, ಚೀಟಿ ಬರೆದಿದ್ದೆ.
ಅವಳು ಮರಿಯನ್ನು ಮತ್ತೆ ಎಲೆಯಲ್ಲಿ ಸುತ್ತಿ
ಸೆರಗಿನೊಳಗಿಟ್ಟುಕೊಂಡು
ಹೊಳೆಯ ಕಡೆ ಇಳಿದಳು, ಬರಿಗಾಲಲ್ಲಿ.
ನಾನು ಕರೆಯಲಿಲ್ಲ.

ಮರುದಿನ ಚಪ್ಪಲಿಗೆಂದು ಬಂದಳು.
ಒಂದು ಪಾಲು ಚಿಪ್ಪಿ ಮೇಜಿನ ಮೇಲಿಟ್ಟು,
ದುಡ್ಡು ಬೇಡವೆಂದು ಕೈಯಾಡಿಸಿ,
ಬಾಗಿಲಲ್ಲಿ ತಿರುಗಿ ನಿಂತಳು:
"ರಾತ್ರಿ ಮತ್ತೆ ಎಣಿಸಿದೆ ಬಾಯಿ.
ಐದೇ."